ಪ್ರಶಸ್ತಿ ಬಂತು, ಲೀಗ್ ಬರಲಿಲ್ಲ: ಬಾಸ್ಕೆಟ್‌ಬಾಲ್ ಆಟಗಾರ್ತಿಯರ ಮುಂದಿನ ದಾರಿ ಯಾವುದು?
ಚೆನ್ನೈನ ಪ್ಯಾರೀಸ್ ಕಾರ್ನರ್‌ನಿಂದ ಸೆಂಟ್ರಲ್ ನಿಲ್ದಾಣದ ಕಡೆಗೆ ಸ್ವಲ್ಪ ದೂರ ಹೋದರೆ ದಕ್ಷಿಣ ರೈಲ್ವೆಯ ಪ್ರಧಾನ ಕಚೇರಿ ಸಿಗುತ್ತದೆ. ದಕ್ಷಿಣದ ಎಷ್ಟೋ ಬಾಸ್ಕೆಟ್‌ಬಾಲ್ ಆಟಗಾರ್ತಿಯರಿಗೆ 'ವೃತ್ತಿಪರ' ಬದುಕು ಎಂದರೆ ರೈಲ್ವೆಯ ಕ್ರೀಡಾ ಕೋಟಾ ನೌಕರಿಯೇ.

ಗೀತು ಅನ್ನಾ ಜೋಸ್ ಅವರನ್ನೇ ನೋಡಿ. ಕೇರಳದ ಚಂಗನಾಶ್ಶೇರಿಯ ಅಸಂಪ್ಷನ್ ಕಾಲೇಜಿನಲ್ಲಿ ಆಡಿ ಬೆಳೆದ 6 ಅಡಿ 2 ಇಂಚಿನ ಈ ಆಟಗಾರ್ತಿ ದಕ್ಷಿಣ ರೈಲ್ವೆ ಸೇರಿದರು. ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ಪರವಾಗಿಯೂ ಆಡಿದರು. 2011ರಲ್ಲಿ ಅಮೆರಿಕದ ಡಬ್ಲ್ಯುಎನ್‌ಬಿಎ ಲೀಗ್‌ನ ಚಿಕಾಗೊ ಸ್ಕೈ, ಲಾಸ್ ಏಂಜಲೀಸ್ ಸ್ಪಾರ್ಕ್ಸ್, ಸ್ಯಾನ್ ಆಂಟೋನಿಯೊ ಸಿಲ್ವರ್ ಸ್ಟಾರ್ಸ್ ತಂಡಗಳು ಅವರನ್ನು ಟ್ರಯಲ್ಸ್‌ಗೆ ಕರೆದವು. ಆದರೆ ತಂಡದಲ್ಲಿ ಜಾಗ ಸಿಗಲಿಲ್ಲ. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಇದೇ ರೈಲ್ವೆಯ, ಚೆನ್ನೈನವರೇ ಆದ ಅನಿತಾ ಪಾಲ್‌ದುರೈ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು.

ರೈಲ್ವೆಯ ಕೊಡುಗೆಯನ್ನು ಕಡೆಗಣಿಸುವಂತಿಲ್ಲ. ತಿಂಗಳ ಸಂಬಳದ ಭರವಸೆ ಇರುವುದರಿಂದಲೇ ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಅಂಗಳಕ್ಕೆ ಕಳಿಸುತ್ತಾರೆ. ಆದರೆ ನೌಕರಿ ಹೊಟ್ಟೆ ತುಂಬಿಸುತ್ತದೆಯೇ ಹೊರತು, ವಾರವಾರವೂ ಬಲಿಷ್ಠ ಎದುರಾಳಿಯನ್ನು ತಂದು ನಿಲ್ಲಿಸುವುದಿಲ್ಲ. ಆ ಕೆಲಸ ಲೀಗ್‌ನದು. 2015ರಲ್ಲಿ ಶುರುವಾದ ಯುಬಿಎ ಲೀಗ್‌ನಲ್ಲಿ ಚೆನ್ನೈ, ಬೆಂಗಳೂರು ತಂಡಗಳಿದ್ದವು, ನಿಜ. ಆದರೆ ಅದು ಪುರುಷರ ಲೀಗ್, ಅದೂ ಹೆಚ್ಚು ಕಾಲ ಬಾಳಲಿಲ್ಲ.

ಇದರ ಬೆಲೆ ಏನೆಂಬುದನ್ನು ಬೆಂಗಳೂರೇ ಕಂಡಿದೆ. 2017ರಲ್ಲಿ ಇಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನ 'ಬಿ' ವಿಭಾಗದ ಫೈನಲ್‌ನಲ್ಲಿ ಭಾರತ 75-73ರಿಂದ ಕಜಕಿಸ್ತಾನವನ್ನು ಮಣಿಸಿ ಮೇಲಿನ ವಿಭಾಗಕ್ಕೇರಿತು. 2019ರಲ್ಲಿ ಮತ್ತೆ ಬೆಂಗಳೂರಿನಲ್ಲೇ, ಜಪಾನ್, ಚೀನಾದಂಥ ತಂಡಗಳಿದ್ದ 'ಎ' ವಿಭಾಗದಲ್ಲಿ, 8 ತಂಡಗಳ ಪೈಕಿ ಕೊನೆಯ ಸ್ಥಾನ. ಮೇಲೇರುವ ಪ್ರತಿಭೆ ನಮ್ಮಲ್ಲಿದೆ. ಅಲ್ಲಿ ನಿಲ್ಲಲು ವರ್ಷವಿಡೀ ಆಟ ಬೇಕು.