ಕಚ್ಚಿಕೊಂಡ ಬ್ರೇಕೂ ಭೌತಶಾಸ್ತ್ರವೂ

ಸಂಡೂರು ಸೀಮೆಯ ದೋಣಿಮಲೈ ಕಬ್ಬಿಣದ ಅದಿರಿಗೆ ಹೆಸರಾದ ಊರು. ಎನ್.ಎಂ.ಡಿ.ಸಿ. ಸಂಸ್ಥೆಯು 1977ರಲ್ಲಿ ಅಲ್ಲಿ ಗಣಿಯ ಕೆಲಸವನ್ನು ಆರಂಭಿಸಿತು. ಅಲ್ಲಿ ದೊರೆಯುವ ಹೆಮಟೈಟ್ ಎಂಬ ಅದಿರು ಕಬ್ಬಿಣವೂ ಆಮ್ಲಜನಕವೂ ಕೂಡಿ ಆದ ಸಂಯುಕ್ತ. ಶುದ್ಧ ಹೆಮಟೈಟಿನ ತೂಕದಲ್ಲಿ ನೂರಕ್ಕೆ ಸುಮಾರು 70 ಭಾಗ ಕಬ್ಬಿಣವಿರುತ್ತದೆ. ಊದುಕುಲುಮೆಯಲ್ಲಿ ಬಹಳ ಶ್ರಮದಿಂದ ಆಮ್ಲಜನಕವನ್ನು ಬೇರ್ಪಡಿಸಿ ನಾವು ಕಬ್ಬಿಣವನ್ನು ಪಡೆಯುತ್ತೇವೆ. ಆ ಕಬ್ಬಿಣವಾದರೋ ನೀರೂ ಗಾಳಿಯೂ ದೊರೆತೊಡನೆ ಆಮ್ಲಜನಕವನ್ನು ಮತ್ತೆ ಕೂಡಿಕೊಂಡು ತುಕ್ಕಾಗುತ್ತದೆ. ಮಳೆಗಾಲದಲ್ಲಿ ಕೆಲವು ವಾರ ನಿಲ್ಲಿಸಿದ್ದ ಕಾರಿನ ಹಿಂದಿನ ಚಕ್ರವು ಅಲುಗದೆ ಹೋದರೆ, ಬಹುಮಟ್ಟಿಗೆ ಅಲ್ಲಿ ನಡೆದಿರುವುದು ಇದೇ ಕ್ರಿಯೆ.

ಇಂತಹ ಚಕ್ರವನ್ನು ಕಂಡೊಡನೆ ಕೆಲವರು ಆಕ್ಸಿಲರೇಟರನ್ನು ಬಲವಾಗಿ ತುಳಿದು ಕಾರನ್ನು ಎಳೆದೊಯ್ಯಲು ಹವಣಿಸುತ್ತಾರೆ. ಮತ್ತೆ ಕೆಲವರು ಸುತ್ತಿಗೆಯನ್ನು ಹುಡುಕುತ್ತಾರೆ. ಎರಡೂ ಅವಸರದ ಮಾರ್ಗಗಳೇ. ಬ್ರೇಕು ಏಕೆ ಕಚ್ಚಿಕೊಂಡಿತೆಂದು ಮೊದಲು ಕೇಳಬೇಕು. ಹಾಗೆ ಕೇಳುವುದೇ ಭೌತಶಾಸ್ತ್ರ. ನಮ್ಮ ವಿದ್ಯಾರ್ಥಿಗಳು ಇದನ್ನು ಮೆಕ್ಯಾನಿಕ್ಕನ ಪಾಲಿಗೆ ಬಿಟ್ಟ ಕೆಲಸವೆಂದು ಬಗೆಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಡ್ರಮ್ ಬ್ರೇಕಿನ ರಚನೆ ಸರಳವಾದುದು. ಚಕ್ರದೊಡನೆ ತಿರುಗುವ ಬೀಡುಕಬ್ಬಿಣದ ಡಬ್ಬಿಯಂತಹ ಭಾಗವೇ ಡ್ರಮ್ಮು. ಅದರೊಳಗೆ ಅರ್ಧಚಂದ್ರಾಕಾರದ ಎರಡು ಷೂಗಳಿರುತ್ತವೆ. ಅವುಗಳ ಮೈಗೆ ಲೈನಿಂಗ್ ಎಂಬ ಒರಟು ಪಟ್ಟಿಯನ್ನು ಅಂಟಿಸಿರುತ್ತಾರೆ. ಪೆಡಲನ್ನು ತುಳಿದಾಗ ಬ್ರೇಕ್ ಎಣ್ಣೆಯ ಒತ್ತಡದಿಂದಲೂ, ಹ್ಯಾಂಡ್ ಬ್ರೇಕನ್ನು ಎಳೆದಾಗ ಉಕ್ಕಿನ ಕೇಬಲ್ಲಿನಿಂದಲೂ ಷೂಗಳು ಅಗಲಿ ಡ್ರಮ್ಮಿನ ಒಳಮೈಯನ್ನು ಒತ್ತುತ್ತವೆ. ಬಿಟ್ಟಾಗ ಸ್ಪ್ರಿಂಗುಗಳು ಅವನ್ನು ಹಿಂದಕ್ಕೆ ಸೆಳೆಯುತ್ತವೆ. ಹ್ಯಾಂಡ್ ಬ್ರೇಕನ್ನು ಎಳೆದಿಟ್ಟು ಕಾರನ್ನು ತೇವದಲ್ಲಿ ಬಹುಕಾಲ ನಿಲ್ಲಿಸಿದರೆ, ಲೈನಿಂಗಿಗೂ ಡ್ರಮ್ಮಿಗೂ ನಡುವೆ ತುಕ್ಕು ಬೆಳೆಯುತ್ತದೆ. ತುಕ್ಕಿನ ಗಾತ್ರವು ಅದಾಗಿ ಮಾರ್ಪಟ್ಟ ಕಬ್ಬಿಣದ ಗಾತ್ರಕ್ಕಿಂತ ಎರಡು ಮೂರು ಪಟ್ಟು ಹೆಚ್ಚು. ಕಿರಿದಾದ ಎಡೆಯಲ್ಲಿ ಅದು ಉಬ್ಬಿ, ಬೆಸೆದಂತೆ ಹಿಡಿದುಕೊಳ್ಳುತ್ತದೆ.

ದೋಣಿಮಲೈಯಂತಹ ಊರಿನಲ್ಲಿ ಕೆಂಪು ದೂಳೇ ಇದಕ್ಕೆ ಕಾರಣವೆಂದು ತೀರ್ಮಾನಿಸುವುದು ಸುಲಭ. ಆದರೆ ಅದಿರಿನ ದೂಳು ಆಗಲೇ ಆಮ್ಲಜನಕವನ್ನು ಕೂಡಿಕೊಂಡಿರುವ ವಸ್ತು. ಅದು ಹೊಸದಾಗಿ ತುಕ್ಕು ಹಿಡಿಯಲಾರದು. ತುಕ್ಕು ಹಿಡಿಯುವುದು ಡ್ರಮ್ಮು. ದೂಳು ತೇವವನ್ನು ಹಿಡಿದಿಟ್ಟು ನೆರವಾದೀತು, ಅಷ್ಟೆ. ಕಣ್ಣಿಗೆ ಕಂಡ ಮೊದಲನೆಯ ವಸ್ತುವೇ ಕಾರಣವಾಗಬೇಕಾಗಿಲ್ಲ.

ಹೇಗಾದರೂ ಓಡಿಸಿದರೆ ಸವೆದು ಬಿಟ್ಟುಕೊಂಡೀತು ಎನ್ನುವವರು ಒಂದು ಸಣ್ಣ ಲೆಕ್ಕವನ್ನು ಮಾಡಬೇಕು. 1000 ಕಿಲೋಗ್ರಾಂ ದ್ರವ್ಯರಾಶಿಯ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವಾಗ ಅದರ ಚಲನಶಕ್ತಿ ಸುಮಾರು 1,39,000 ಜೂಲ್. ಅದನ್ನು ನಿಲ್ಲಿಸುವಾಗ ಈ ಶಕ್ತಿಯು ನಾಲ್ಕು ಚಕ್ರಗಳ ಬ್ರೇಕುಗಳಲ್ಲಿ ಉಷ್ಣವಾಗಿ ಹಂಚಿಹೋಗುತ್ತದೆ. ಈಗ ಒಂದೇ ಚಕ್ರದ ಬ್ರೇಕು ಪೂರ್ತಿ ಬಿಡದೆ, ಕೇವಲ 200 ನ್ಯೂಟನ್ ಬಲದಿಂದ ಕಾರನ್ನು ತಡೆಯುತ್ತಿದೆ ಎಂದಿಟ್ಟುಕೊಳ್ಳಿ. ಒಂದು ಕಿಲೋಮೀಟರು ಹೋಗುವಷ್ಟರಲ್ಲಿ ಆ ಒಂದೇ ಡ್ರಮ್ಮಿನಲ್ಲಿ 2,00,000 ಜೂಲ್ ಉಷ್ಣ ಹುಟ್ಟುತ್ತದೆ. ಡಾಟ್ 3 ದರ್ಜೆಯ ಹೊಸ ಬ್ರೇಕ್ ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ನಿಯಮವಿದೆ. ಗಾಳಿಯ ತೇವವನ್ನು ಹೀರಿದ ಎಣ್ಣೆಗೆ ಆ ಮಿತಿ 140 ಡಿಗ್ರಿ ಮಾತ್ರ. ಎಣ್ಣೆ ಕುದಿದು ಆವಿಯಾದರೆ, ಆವಿಯು ಸುಲಭವಾಗಿ ಕುಗ್ಗುವುದರಿಂದ ಪೆಡಲು ನೆಲಕ್ಕೆ ಇಳಿದರೂ ಕಾರು ನಿಲ್ಲುವುದಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಇದರ ಫಲವೇನೆಂದು ಹೇಳಬೇಕಾಗಿಲ್ಲ.

ಆದುದರಿಂದ ಪರೀಕ್ಷೆ ಮೊದಲು. ಕಚ್ಚಿಕೊಂಡಿರುವುದು ಒಂದು ಚಕ್ರವೋ ಎರಡೋ? ಎರಡೂ ಆಗಿದ್ದರೆ ಇಬ್ಬದಿಗೂ ಸಾಮಾನ್ಯವಾದ ಹ್ಯಾಂಡ್ ಬ್ರೇಕಿನ ಕೇಬಲ್ಲನ್ನೂ, ಎರಡಕ್ಕೂ ಒಮ್ಮೆಗೇ ತಗಲಿದ ತೇವವನ್ನೂ ಶಂಕಿಸಬೇಕು. ಒಂದೇ ಆಗಿದ್ದರೆ ಆ ಚಕ್ರದಲ್ಲೇ ಹುಡುಕಬೇಕು. ಚಕ್ರದ ಹಿಂಬದಿಯಲ್ಲಿ ಕೇಬಲ್ಲು ಎಳೆಯುವ ಸನ್ನೆಯನ್ನು ಕೈಯಿಂದ ಹಿಂದಕ್ಕೆ ತಳ್ಳಿದಾಗ ಚಕ್ರ ಬಿಟ್ಟುಕೊಂಡರೆ, ಕೇಬಲ್ಲು ತನ್ನ ಕವಚದೊಳಗೆ ತುಕ್ಕು ಹಿಡಿದಿದೆ. ಎಣ್ಣೆಯ ಗಾಳಿ ತೆಗೆಯುವ ತಿರುಪನ್ನು ಕೊಂಚ ಸಡಿಲಿಸಿದಾಗ ಎಣ್ಣೆ ಚಿಮ್ಮಿ ಚಕ್ರ ಬಿಟ್ಟುಕೊಂಡರೆ, ಒತ್ತಡವು ಕೊಳವೆಯಲ್ಲಿ ಸಿಕ್ಕಿಕೊಂಡಿದೆ. ಇವೆರಡೂ ಅಲ್ಲವಾದರೆ ಷೂ ಡ್ರಮ್ಮಿಗೆ ಹಿಡಿದಿರುವ ಸಂಭವವೇ ಹೆಚ್ಚು. ಪ್ರತಿಯೊಂದು ಊಹೆಯೂ ತನ್ನದೇ ಆದ ಫಲವನ್ನು ಮುಂತಿಳಿಸುತ್ತದೆ; ಫಲ ಕಾಣದಿದ್ದರೆ ಊಹೆ ಬಿದ್ದುಹೋಗುತ್ತದೆ. ಪ್ರಯೋಗವೆಂದರೆ ಇದಲ್ಲದೆ ಮತ್ತೇನು?

ಬಿಡಿಸುವ ಕ್ರಮವೂ ತರ್ಕಬದ್ಧವಾದುದೇ. ಮೊದಲು ಸಮತಟ್ಟಾದ ನೆಲದಲ್ಲಿ ಕಾರನ್ನು ಮೆಲ್ಲನೆ ಮುಂದಕ್ಕೂ ಹಿಂದಕ್ಕೂ ಅಲುಗಿಸಬೇಕು. ಡ್ರಮ್ಮು ಒಂದು ದಿಕ್ಕಿಗೆ ತಿರುಗುವಾಗ ಒಂದು ಷೂವನ್ನು ತನ್ನತ್ತ ಸೆಳೆದು ಬಿಗಿಗೊಳಿಸಿ, ಇನ್ನೊಂದನ್ನು ಹಿಂದೂಡುತ್ತದೆ. ದಿಕ್ಕು ಬದಲಾದರೆ ಷೂಗಳ ಪಾತ್ರವೂ ಅದಲುಬದಲಾಗುತ್ತದೆ. ಅದಕ್ಕೂ ಬಗ್ಗದಿದ್ದರೆ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಜಾಕಿಯಿಂದ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರವನ್ನು ಕಳಚಿ, ಹ್ಯಾಂಡ್ ಬ್ರೇಕನ್ನು ಬಿಡಬೇಕು. ಬರಿಯ ಜಾಕಿಯನ್ನು ನಂಬಿ ಕಾರಿನ ಕೆಳಗೆ ಯಾರೂ ಹೋಗಕೂಡದು. ಬಳಿಕ ಮರದ ಕೊಡತಿಯಿಂದ ಡ್ರಮ್ಮಿನ ಸುತ್ತಲೂ ಸಮನಾಗಿ ತಟ್ಟಬೇಕು. ತುಕ್ಕು ಗಡಸಾದರೂ ಪೆಡಸು. ಕ್ಷಣಮಾತ್ರದ ಪೆಟ್ಟಿಗೆ ಬಿರುಕುಬಿಡುತ್ತದೆ. ಬೀಡುಕಬ್ಬಿಣವೂ ಪೆಡಸೇ ಆದುದರಿಂದ ಅದರ ಅಂಚಿಗೆ ಭಾರಿ ಸುತ್ತಿಗೆಯಿಂದ ಹೊಡೆದರೆ ಡ್ರಮ್ಮೇ ಸೀಳೀತು. ಷೂಗಳನ್ನು ಒಳಕ್ಕೆ ಸರಿಸುವ ಹೊಂದಾಣಿಕೆಯ ತಿರುಪನ್ನು ಸಡಿಲಿಸಿದರೆ ಡ್ರಮ್ಮು ಹೊರಬರುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ನಡುಗುಂಬದ ಸುತ್ತ ಹಾಕಬಹುದು, ಲೈನಿಂಗಿಗೆ ತಗಲಬಾರದು. ಒಳಗಿನ ಪುಡಿಯನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್‌ಬೆಸ್ಟಾಸ್ ಇರುತ್ತದೆ. ವಿದ್ಯಾರ್ಥಿಗಳು ಇದನ್ನೆಲ್ಲ ಅನುಭವಿಗಳ ಜೊತೆಯಲ್ಲೇ ಮಾಡತಕ್ಕದ್ದು.

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಲೋಲಕವುಂಟು, ಮಸೂರವುಂಟು. ಅವು ಬೇಕು. ಆದರೆ ಅಲ್ಲಿ ಉತ್ತರವು ವಿದ್ಯಾರ್ಥಿಗೆ ಮೊದಲೇ ಗೊತ್ತು. ಗುರುತ್ವ ವೇಗೋತ್ಕರ್ಷವು 9.8ರ ಹತ್ತಿರ ಬಾರದಿದ್ದರೆ ಅಂಕಿಗಳನ್ನು ತಿದ್ದುವ ಚಪಲವೂ ಗೊತ್ತು. ಕಚ್ಚಿಕೊಂಡ ಬ್ರೇಕಿನ ಮುಂದೆ ತಿದ್ದಲು ಏನೂ ಇಲ್ಲ. ಚಕ್ರ ತಿರುಗಬೇಕು, ಇಲ್ಲವೇ ಇಲ್ಲ. ಗುಜರಿಯಿಂದ ತಂದ ಒಂದು ಹಿಂದಿನ ಬ್ರೇಕಿನ ಜೋಡಣೆಯನ್ನು ಮೇಜಿಗೆ ಬಿಗಿದು, ದೋಷವನ್ನು ಗುಟ್ಟಾಗಿಟ್ಟು, ಕಾರಣವನ್ನು ಹುಡುಕಿರೆಂದು ಪ್ರತಿಯೊಂದು ಕಾಲೇಜೂ ವಿದ್ಯಾರ್ಥಿಗಳಿಗೆ ಹೇಳಬೇಕು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಊರಿನ ಒಬ್ಬ ಒಳ್ಳೆಯ ಮೆಕ್ಯಾನಿಕ್ಕನನ್ನು ಆ ದಿನ ಗುರುವಾಗಿ ಕರೆಯುವುದರಲ್ಲಿ ಕಾಲೇಜಿನ ಗೌರವಕ್ಕೇನೂ ಕುಂದಿಲ್ಲ.

ಅಲ್ಲಿಯವರೆಗೆ ಓದುಗರು ಒಂದು ಕೆಲಸವನ್ನು ಮಾಡಬಹುದು. ಮಳೆಗಾಲದಲ್ಲಿ ಮನೆಯ ಕಾರನ್ನು ಬಹುದಿನ ನಿಲ್ಲಿಸುವುದಾದರೆ ಸಮನೆಲದಲ್ಲಿ ನಿಲ್ಲಿಸಿ, ಮೊದಲನೆಯ ಗೇರಿನಲ್ಲಿಟ್ಟು, ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕನ್ನು ಎಳೆಯದೆ ಬಿಡಲು ಹಿರಿಯರಿಗೆ ಹೇಳಿ. ಏಕೆಂದು ಅವರು ಕೇಳಿದರೆ ಕಾರಣವನ್ನೂ ವಿವರಿಸಿ.