ಮಣೆಯ ಮೇಲಿನ ಲೆಕ್ಕ

ಚೆಸ್ ಕಲಿತರೆ ಮಗುವಿನ ಬುದ್ಧಿ ಚುರುಕಾಗುತ್ತದೆ, ಗಣಿತದಲ್ಲಿ ಅಂಕ ಏರುತ್ತದೆ ಎಂಬ ನಂಬಿಕೆ ತಂದೆತಾಯಿಯರಲ್ಲಿ ಗಟ್ಟಿಯಾಗಿ ಬೇರೂರಿದೆ. ಅರ್ಮೇನಿಯಾ ದೇಶ 2011ರಲ್ಲಿ ಚೆಸ್ಸನ್ನು ಪ್ರಾಥಮಿಕ ಶಾಲೆಗಳಲ್ಲಿ ಕಡ್ಡಾಯವನ್ನಾಗಿಯೇ ಮಾಡಿತು. ಆದರೆ ಈ ನಂಬಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಒರೆಗೆ ಹಚ್ಚಿದಾಗ ಅದು ನಿಲ್ಲಲಿಲ್ಲ. ಇಂಗ್ಲೆಂಡಿನಲ್ಲಿ 100 ಶಾಲೆಗಳನ್ನು ಸೇರಿಸಿಕೊಂಡು, ಚೀಟಿ ಎತ್ತಿದ ಹಾಗೆ ಒಂದು ಪಾಲು ಶಾಲೆಗಳನ್ನು ಆರಿಸಿ, ಅಲ್ಲಿನ ಮಕ್ಕಳಿಗೆ ಸುಮಾರು 30 ಗಂಟೆ ಚೆಸ್ ಕಲಿಸಿದರು. 2016ರಲ್ಲಿ ಹೊರಬಂದ ವರದಿಯ ಪ್ರಕಾರ, ಮರುವರ್ಷದ ಗಣಿತ ಪರೀಕ್ಷೆಯಲ್ಲಿ ಚೆಸ್ ಕಲಿತವರಿಗೂ ಕಲಿಯದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಹಾಗೆಂದು ಆಟದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಚೆಸ್ ಆ ಮಕ್ಕಳಿಗೆ ಚೆಸ್ಸನ್ನು ಕಲಿಸಿತು. ಭಿನ್ನರಾಶಿಯನ್ನೂ ಅದೇ ಕಲಿಸಿಬಿಡಲಿ ಎಂದು ಬಯಸಿದ್ದು ದೊಡ್ಡವರ ಆಸೆ. ಒಂದು ಆಟ ಮಗುವಿನಿಂದ ಯಾವ ಕೆಲಸವನ್ನು ಮತ್ತೆ ಮತ್ತೆ ಮಾಡಿಸುತ್ತದೆಯೋ ಅದನ್ನು ಚೆನ್ನಾಗಿ ಕಲಿಸುತ್ತದೆ ಎಂದು ಹಿಡಿದು ಹೊರಟರೆ, ಶಾಲೆಯಲ್ಲಿ ಇಂಥ ಆಟಗಳಿಗೆ ಜಾಗ ಯಾಕೆ ಬೇಕು ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ.

ಇದಕ್ಕೆ ಒಳ್ಳೆಯ ಪುರಾವೆ ಇದೆ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಅಮೆರಿಕದ ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ ಎರಡು ಬಗೆಯ ಮಣೆ ಕೊಟ್ಟರು. ಎರಡರಲ್ಲೂ ಮನೆಗಳು ಒಂದೇ ಸಾಲಿನಲ್ಲಿ. ಒಂದರಲ್ಲಿ 1ರಿಂದ 10ರವರೆಗೆ ಅಂಕಿ ಬರೆದಿತ್ತು, ಇನ್ನೊಂದರಲ್ಲಿ ಬರೀ ಬಣ್ಣ. ಹದಿನೈದಿಪ್ಪತ್ತು ನಿಮಿಷದಂತೆ ನಾಲ್ಕೇ ಸಲ ಆಡಿದ್ದು. ಅಂಕಿಯ ಮಣೆಯಲ್ಲಿ ಆಡಿದ ಮಕ್ಕಳು ಯಾವ ಸಂಖ್ಯೆ ದೊಡ್ಡದು, ಯಾವುದು ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಮುಂದೆ ಬಂದರು. ಒಂಬತ್ತು ವಾರದ ಮೇಲೂ ಅದು ಉಳಿದಿತ್ತು. ಬಣ್ಣದ ಮಣೆಯವರಲ್ಲಿ ಅಂಥ ಬದಲಾವಣೆ ಆಗಲಿಲ್ಲ. ಮುಂದೆ ಸೀಗ್ಲರ್ ಅವರು ಎಲಿಡಾ ಲಾಸ್ಕಿಯವರ ಜೊತೆ ನೂರರವರೆಗಿನ ಮಣೆಯಲ್ಲಿ ಮಾಡಿದ ಅಧ್ಯಯನ, 2014ರದ್ದು, ಇನ್ನೂ ಸೂಕ್ಷ್ಮವಾದದ್ದು. ನಮ್ಮ ಹಾವು-ಏಣಿಗೇ ತಂದು ಹೇಳುವುದಾದರೆ, ಕಾಯಿ 47ರಲ್ಲಿದೆ, ದಾಳದಲ್ಲಿ ಮೂರು ಬಿತ್ತು. ಮಗು ‘ಒಂದು, ಎರಡು, ಮೂರು’ ಎಂದು ಕಾಯಿ ನಡೆಸಿದರೆ ಅದು ಈಗಾಗಲೇ ಗೊತ್ತಿದ್ದ ಮೂರನ್ನೇ ಮತ್ತೊಮ್ಮೆ ಹೇಳಿದಂತಾಯಿತು. ‘ನಲವತ್ತೆಂಟು, ನಲವತ್ತೊಂಬತ್ತು, ಐವತ್ತು’ ಎಂದು ಮನೆಯ ಅಂಕಿ ಹೇಳುತ್ತಾ ನಡೆಸಿದರೆ ಐವತ್ತರ ಹೊಸ್ತಿಲನ್ನು ದಾಟುವುದು ಅದರ ನಾಲಿಗೆಗೂ ಕಣ್ಣಿಗೂ ಒಟ್ಟಿಗೇ ತಿಳಿಯುತ್ತದೆ. ಲಾಭ ಕಂಡದ್ದು ಹೀಗೆ ಎಣಿಸಿದ ಮಕ್ಕಳಲ್ಲಿ. (ಕನ್ನಡದ ಮಗುವಿಗೆ ಇಲ್ಲೊಂದು ಅನುಕೂಲವೂ ಉಂಟು: ನಲವತ್ತೊಂಬತ್ತರಲ್ಲಿ ನಲವತ್ತೂ ಒಂಬತ್ತೂ ಕಿವಿಗೆ ಬೀಳುತ್ತವೆ, ಹಿಂದಿಯ ‘ಉನ್ಚಾಸ್’ನಲ್ಲಿ ಎರಡೂ ಬೀಳುವುದಿಲ್ಲ.) ಅದೇ ಮಣೆ, ಅದೇ ದಾಳ. ಪಕ್ಕದಲ್ಲಿ ಕೂತ ಶಿಕ್ಷಕರು ಹೇಗೆ ಎಣಿಸಲು ಹೇಳುತ್ತಾರೆ ಎಂಬುದರ ಮೇಲೆ ಪಾಠ ನಿಂತಿದೆ.

ಈ ಕಣ್ಣಿನಿಂದ ನೋಡಿದರೆ ನಮ್ಮ ಜಗಲಿಯ ಆಟಗಳು ಎಷ್ಟು ಶ್ರೀಮಂತವಾಗಿವೆ! ಮೈಸೂರಿನ ಅರಸರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳಲ್ಲಿ ಆಳವಾಗಿ ತೊಡಗಿಸಿಕೊಂಡದ್ದು ಸುಮ್ಮನೆ ಅಲ್ಲ. ಅಳಗುಳಿಮಣೆಯಲ್ಲಿ ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಗುಳಿಗೆ ನಾಲ್ಕು ಬೀಜ ಹಾಕಿದರೆ ಒಟ್ಟು 56. ಯಾವ ಗುಳಿಯಿಂದ ಎತ್ತಿದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆ ಎಂದು ಕೈಯಾಡಿಸುವ ಮೊದಲೇ ಲೆಕ್ಕ ಹಾಕದವರು ಸೋಲುತ್ತಾರೆ. ಚೌಕಾಬಾರದಲ್ಲಿ ನಾಲ್ಕು ಕವಡೆ. ಬಾಯಿ ಮೇಲಾಗಿ ಬಿದ್ದವು ಎಷ್ಟೋ ಅಷ್ಟು ಮನೆ, ನಾಲ್ಕೂ ಮೇಲಾದರೆ ಚೌಕ, ಎಲ್ಲವೂ ಬೋರಲಾದರೆ ಬಾರ, ಅಂದರೆ ಎಂಟು. ಕವಡೆ ಎರಡೂ ಕಡೆಗೆ ಸಮನಾಗಿ ಬೀಳುವುದಾದರೆ ಒಟ್ಟು 16 ಬಗೆಯಲ್ಲಿ ಬೀಳಬಹುದು. ಅದರಲ್ಲಿ ಆರು ಬಗೆಯಲ್ಲಿ ಎರಡು ಬರುತ್ತದೆ, ಬಾರ ಒಂದೇ ಬಗೆಯಲ್ಲಿ. ನಿಜವಾದ ಕವಡೆ ಅಷ್ಟು ಸಮನಾಗಿ ಬೀಳುವುದಿಲ್ಲ. ಎಷ್ಟು ವಾಲುತ್ತದೆ ಎಂದು ನೂರು ಸಲ ಎಸೆದು ಗೀಟು ಹಾಕಿ ನೋಡುವುದು ಏಳೆಂಟನೇ ತರಗತಿಗೆ ಸಂಭವನೀಯತೆಯ ಸೊಗಸಾದ ಪೀಠಿಕೆ. ತನ್ನ ಕಾಯಿಯನ್ನು ಎದುರಾಳಿಯಿಂದ ಎರಡು ಮನೆ ಮುಂದೆ ನಿಲ್ಲಿಸಬಾರದು ಎಂದು ಆಡುವ ಮಗುವಿಗೆ ಇದು ಪಾಠಕ್ಕೆ ಮೊದಲೇ ಅರ್ಧ ಗೊತ್ತಿರುತ್ತದೆ.

ಕವಡೆ ಎಂದೊಡನೆ ಜೂಜಿನ ಭಯ ಏಳುತ್ತದೆ. ಧರ್ಮರಾಯನ ಪಗಡೆಯ ಕಥೆಯನ್ನು ಕೇಳಿ ಬೆಳೆದ ಸಮಾಜಕ್ಕೆ ಆ ಭಯ ಸಹಜ, ಆನ್‌ಲೈನ್ ಜೂಜಿನಲ್ಲಿ ಮನೆಗಳು ಹಾಳಾಗುತ್ತಿರುವ ಈ ಹೊತ್ತಿನಲ್ಲಂತೂ ಅದನ್ನು ಹಗುರವಾಗಿ ಕಾಣಲಾಗದು. ಆದರೆ ಪಣವಿಲ್ಲದೆ ಆಡಿ, ನೂರು ಎಸೆತಗಳ ಗೀಟು ಎಣಿಸಿದ ಮಗುವಿಗೆ ‘ಕೈ ಕೂಡಿಬಂದಿದೆ’ ಎಂಬ ಮಾತು ಪೊಳ್ಳೆಂದು ಲೆಕ್ಕದಲ್ಲೇ ಕಂಡಿರುತ್ತದೆ. ಜೂಜುಕೋರನನ್ನು ಮುಳುಗಿಸುವುದು ಅದೇ ಮಾತು. ಪಾಠ ಮುಗಿಸಲೇ ಪುರುಸೊತ್ತಿಲ್ಲ ಎಂಬ ಶಿಕ್ಷಕರ ಆಕ್ಷೇಪ ಇದಕ್ಕಿಂತ ತೂಕದ್ದು. ಆಟಕ್ಕೆಂದು ಪ್ರತ್ಯೇಕ ಅವಧಿ ಬೇಡಿದರೆ ಅದು ಸಿಗುವುದೂ ಇಲ್ಲ, ಸಿಕ್ಕರೂ ಉಳಿಯುವುದಿಲ್ಲ. ಕೂಡುವ ಲೆಕ್ಕದ ಅಭ್ಯಾಸಕ್ಕೆ ಹೇಗೂ ಕೊಡುವ ಇಪ್ಪತ್ತು ನಿಮಿಷದಲ್ಲೇ ಮಣೆಯನ್ನು ತರಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ, ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಕಲಿಯುವ ಅಭ್ಯಾಸವನ್ನು ನಮ್ಮ ಸರ್ಕಾರಿ ಶಾಲೆಗಳಿಗೆ ಆಗಲೇ ತಂದಿದೆ. ಸೋತ ಮಗು ಅಳುತ್ತದೆ, ಜಗಳ ಆಗುತ್ತದೆ ಎಂಬುದೂ ನಿಜವೇ. ಆದರೆ ಪರೀಕ್ಷೆಯಲ್ಲಿ ಸೋತರೆ ಮುಂದಿನ ಪರೀಕ್ಷೆಯವರೆಗೆ ಕಾಯಬೇಕು. ಇಲ್ಲಿ ಕಾಯಿ ಹೊಡೆಸಿಕೊಂಡವನಿಗೆ ಮರುಸುತ್ತಿನಲ್ಲೇ ಇನ್ನೊಂದು ಎಸೆತ ಉಂಟು.

ಹಾಗಾದರೆ ಫೋನಿನಲ್ಲಿ ಲೂಡೊ ಆಡಿದರೆ ಆಗದೇ ಎಂದು ಕೇಳುವವರಿಗೆ ಮೇಲಿನ ಪುರಾವೆಯಲ್ಲೇ ಉತ್ತರವಿದೆ. ಅಲ್ಲಿ ದಾಳ ಬಿದ್ದೊಡನೆ ಫೋನೇ ಎಣಿಸಿ ಕಾಯಿ ಜರುಗಿಸುತ್ತದೆ, ನಿಯಮವನ್ನೂ ಅದೇ ಕಾಯುತ್ತದೆ. ಮಗುವಿಗೆ ಉಳಿಯುವುದು ಬೆರಳೊತ್ತುವ ಕೆಲಸ. ಸುಣ್ಣದ ಕಡ್ಡಿಯಲ್ಲಿ ನೆಲದ ಮೇಲೆ ಚೌಕಾಬಾರದ ಐದೈದು ಮನೆ ಬರೆದು, ಕವಡೆಯ ಬದಲು ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮೈ ಬಿಳಿ ಮಾಡಿಕೊಂಡು ಕೂತರೆ, ಎಣಿಕೆ ಮಗುವಿನ ಬಾಯಿಂದಲೇ ಬರಬೇಕು. ಒಂದು ಮನೆ ಹೆಚ್ಚು ನಡೆಸಿದರೆ ಎದುರು ಕೂತವಳು ಕೈ ಹಿಡಿದು, ಮತ್ತೆ ಮೊದಲಿಂದ ಎಣಿಸು ಎನ್ನುತ್ತಾಳೆ.