ಮಾರುವ ಮುನ್ನ ಒಮ್ಮೆ ಬಿಚ್ಚಿ ನೋಡಿ

ಕಂಪ್ಯೂಟರ್ ನಿಧಾನವಾಯಿತು ಎಂದರೆ ನಮ್ಮ ಕಾಲೇಜುಗಳಲ್ಲಿ ಸಿಗುವ ಸಲಹೆ ಒಂದೇ: ‘ಹಳೇದು ಬಿಡು, ಹೊಸ ಲ್ಯಾಪ್‌ಟಾಪ್ ತಗೋ’. ಹೇಳುವವರಿಗೆ ಅದು ಬಾಯಿಮಾತು. ಕೇಳಿಸಿಕೊಂಡವನ ಮನೆಯಲ್ಲಿ ಅದು ನಲವತ್ತು–ಐವತ್ತು ಸಾವಿರ ರೂಪಾಯಿಯ ಪ್ರಶ್ನೆ. ಅಪ್ಪ ಸೊಸೈಟಿಯಲ್ಲಿ ಸಾಲ ಕೇಳಬೇಕು, ಇಲ್ಲವೇ ಅಮ್ಮ ಮಹಿಳಾ ಸಂಘದಿಂದ ಹಣ ಎತ್ತಬೇಕು. ಆದರೆ ಆ ಹಳೆಯ ಡೆಸ್ಕ್‌ಟಾಪ್‌ಗೆ ನಿಜವಾಗಿ ಏನಾಗಿದೆ ಎಂದು ಕ್ಯಾಬಿನೆಟ್ ಬಿಚ್ಚಿ ನೋಡುವವರು ಎಷ್ಟು ಮಂದಿ? ಬಿಇ ಓದುತ್ತಿರುವ ನಾವೇ ನೋಡುವುದಿಲ್ಲ ಎನ್ನುವುದು ನನ್ನ ತಕರಾರು.

ನನ್ನ ತರಗತಿಯ ಗೆಳೆಯನೊಬ್ಬನ ಉದಾಹರಣೆ ಹೇಳುತ್ತೇನೆ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದವನು. ಅವನ ಬಳಿ ಇದ್ದದ್ದು ಮೂರನೇ ತಲೆಮಾರಿನ ಐ3 ಪ್ರೊಸೆಸರ್, ಎಚ್61 ಚಿಪ್‌ಸೆಟ್‌ನ ಬೋರ್ಡ್ ಮತ್ತು 4 ಜಿಬಿ ರ‍್ಯಾಮ್ ಇರುವ ಸೆಕೆಂಡ್‌ ಹ್ಯಾಂಡ್ ಡೆಸ್ಕ್‌ಟಾಪ್. ಮಿನಿ ಪ್ರಾಜೆಕ್ಟ್‌ಗೆ ಆಂಡ್ರಾಯ್ಡ್ ಸ್ಟುಡಿಯೊ ಬೇಕಿತ್ತು. ಅದಕ್ಕೆ ಕನಿಷ್ಠ 8 ಜಿಬಿ ರ‍್ಯಾಮ್ ಇರಬೇಕು. ಅಂಗಡಿಯೊಂದರಿಂದ ಕಡಿಮೆ ಬೆಲೆಯ 8 ಜಿಬಿ ಡಿಡಿಆರ್3 ಸ್ಟಿಕ್ ತಂದು ಹಾಕಿದ. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಬೀಪ್ ಸದ್ದು ನಿಲ್ಲಲಿಲ್ಲ. ‘ಬೋರ್ಡ್ ಹೋಗಿದೆ, ಇದಕ್ಕೆ ಇನ್ನು ದುಡ್ಡು ಹಾಕಬೇಡ’ ಎಂದು ಅಂಗಡಿಯವರು ತೀರ್ಪು ಕೊಟ್ಟರು.

ಬೋರ್ಡ್ ಹೋಗಿರಲಿಲ್ಲ. ಹಳೆಯ ಸ್ಟಿಕ್ ಒಂದನ್ನೇ ಹಾಕಿದರೆ ಸಿಸ್ಟಂ ಎಂದಿನಂತೆ ಆನ್ ಆಗುತ್ತಿತ್ತು. ಅದು ಎರಡೂ ಸ್ಲಾಟ್‌ಗಳಲ್ಲಿ ಕೆಲಸ ಮಾಡಿತು. ಹೊಸದು ಯಾವ ಸ್ಲಾಟ್‌ನಲ್ಲಿಯೂ ಮಾಡಲಿಲ್ಲ. ಹಾಗಾದರೆ ಹೊಸ ಸ್ಟಿಕ್ ಕೆಟ್ಟಿದೆಯೇ? ಅದೂ ಇಲ್ಲ. ಹಾಸ್ಟೆಲ್‌ನ ಇನ್ನೊಬ್ಬನ ಹಳೆಯ ಎಎಂಡಿ ಸಿಸ್ಟಂನಲ್ಲಿ ಅದೇ ಸ್ಟಿಕ್ ಸಲೀಸಾಗಿ ಓಡಿತು. ಗುಟ್ಟು ಇದ್ದದ್ದು ಅಲ್ಲಿಯೇ. ಮಾರುಕಟ್ಟೆಯಲ್ಲಿ ‘ಎಎಂಡಿಗೆ ಮಾತ್ರ’ ಎಂಬ ಸಣ್ಣ ಅಕ್ಷರದ ಸ್ಟಿಕ್‌ಗಳು ಅಗ್ಗಕ್ಕೆ ಸಿಗುತ್ತವೆ. ಅವುಗಳಲ್ಲಿ ಒಂದೊಂದು ಚಿಪ್ಪೂ 4 ಬಿಟ್ ಅಗಲದ್ದು. ಇಂಟೆಲ್‌ನ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿರುವ ಮೆಮೊರಿ ಕಂಟ್ರೋಲರ್ ಅಂಥ ಚಿಪ್‌ಗಳನ್ನು ಒಪ್ಪುವುದಿಲ್ಲ. 8 ಅಥವಾ 16 ಬಿಟ್‌ನವೇ ಬೇಕು. ಪಿನ್ ಅಷ್ಟೇ, ಅಳತೆ ಅಷ್ಟೇ, ಸ್ಲಾಟ್‌ನಲ್ಲಿ ಸರಿಯಾಗಿಯೇ ಕೂರುತ್ತದೆ. ಆದರೂ ಕೆಲಸ ಮಾಡುವುದಿಲ್ಲ.

ಸ್ಟಿಕ್ ಬದಲಿಸಿದ ಮೇಲೆ ಒಟ್ಟು 12 ಜಿಬಿ ಕಾಣಿಸಿತು. ಅದರಲ್ಲಿ ವಿಂಡೋಸ್ ಬಳಸುತ್ತಿದ್ದದ್ದು ಮೂರು ಚಿಲ್ಲರೆ ಜಿಬಿ ಮಾತ್ರ! ಇದಕ್ಕೂ ಕಾರಣವಿತ್ತು. ಅದು 32 ಬಿಟ್ ವಿಂಡೋಸ್. ಅದಕ್ಕೆ 4 ಜಿಬಿಯಾಚೆ ದಾರಿಯಿಲ್ಲ, ಅದರಲ್ಲಿಯೂ ಒಂದು ಪಾಲು ಗ್ರಾಫಿಕ್ಸ್ ಮತ್ತಿತರ ಭಾಗಗಳಿಗೆ ಹೋಗುತ್ತದೆ. 64 ಬಿಟ್ ಲಿನಕ್ಸ್ ಹಾಕಿದ, ತನ್ನ ಮೊಬೈಲನ್ನೇ ಕೇಬಲ್‌ನಲ್ಲಿ ಜೋಡಿಸಿ ಆ್ಯಪ್ ಪರೀಕ್ಷಿಸಿದ, ಪ್ರಾಜೆಕ್ಟ್ ಸಮಯಕ್ಕೆ ಒಪ್ಪಿಸಿದ. ಮನೆಯಲ್ಲಿ ಸಾಲದ ಮಾತು ಬರಲಿಲ್ಲ.

ಇದರಲ್ಲಿ ಪವಾಡವೇನೂ ಇಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತು ಎಂದು ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕುವುದು, ಅಷ್ಟೆ. ನಾಲ್ಕು ವರ್ಷ ನಾವು ಕಲಿಯಬೇಕಾದ ವಿದ್ಯೆಯೂ ಇದೇ ಅಲ್ಲವೇ?

ರ‍್ಯಾಮ್ ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು ಬಹಳವಿಲ್ಲ. ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4 ಮತ್ತು ಡಿಡಿಆರ್5ಕ್ಕೆ 288 ಪಿನ್. ಕೊನೆಯ ಎರಡರ ಪಿನ್ ಲೆಕ್ಕ ಒಂದೇ ಆದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ವೋಲ್ಟೇಜ್ ಕೂಡ ಬೇರೆ. ಆದ್ದರಿಂದ ಕೂರದಿದ್ದರೆ ಒತ್ತಬೇಡಿ. ಲ್ಯಾಪ್‌ಟಾಪ್‌ನ ಗಿಡ್ಡ ಸ್ಟಿಕ್ ಡೆಸ್ಕ್‌ಟಾಪ್‌ಗೆ ಆಗುವುದಿಲ್ಲ. ಸರ್ವರ್‌ಗಳಿಂದ ಕಳಚಿದ ‘ರಿಜಿಸ್ಟರ್ಡ್’ ರ‍್ಯಾಮ್ ಎಷ್ಟೇ ಅಗ್ಗವಾದರೂ ಮನೆಯ ಸಿಸ್ಟಂನಲ್ಲಿ ಓಡುವುದಿಲ್ಲ. ಬೋರ್ಡ್‌ಗೂ ಒಂದು ಮಿತಿ ಇರುತ್ತದೆ. ಎಚ್61ಕ್ಕೆ ಅದು 16 ಜಿಬಿ. ವೇಗ ಬೇರೆಯಾದ ಎರಡು ಸ್ಟಿಕ್ ಜೊತೆಗೆ ಹಾಕಿದರೆ ಎರಡೂ ನಿಧಾನದ್ದರ ವೇಗದಲ್ಲಿಯೇ ಓಡುತ್ತವೆ. ಎಷ್ಟು ಸ್ಲಾಟ್ ಖಾಲಿ ಇವೆ, ಈಗಿರುವ ರ‍್ಯಾಮ್ ವೇಗ ಎಷ್ಟು ಎಂಬುದನ್ನು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೋರಿಸುತ್ತದೆ. ಬೋರ್ಡ್‌ನ ಮಾದರಿ ಸಂಖ್ಯೆ ಬೋರ್ಡ್ ಮೇಲೆಯೇ ಅಚ್ಚಾಗಿರುತ್ತದೆ. ಅದನ್ನು ಬರೆದುಕೊಂಡೇ ಅಂಗಡಿಗೆ ಹೋಗಿ.

ಹಾಕಿದ ಮೇಲೆ ಆನ್ ಆಗದಿದ್ದರೆ ಗಾಬರಿ ಬೇಡ. ಕರೆಂಟ್ ವೈರ್ ಕಿತ್ತು, ಸ್ಟಿಕ್ ತೆಗೆದು, ಕ್ಲಿಪ್ ‘ಟಕ್’ ಎನ್ನುವವರೆಗೆ ಮತ್ತೆ ಕೂರಿಸಿ. ಅರ್ಧ ಕೂತ ಸ್ಟಿಕ್‌ನಿಂದಲೇ ಎಷ್ಟೋ ಸಿಸ್ಟಂಗಳು ‘ಸತ್ತಿವೆ’. ಚಿನ್ನದ ಬಣ್ಣದ ಪಟ್ಟಿಯಲ್ಲಿ ಕೊಳೆಯಿದ್ದರೆ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರೆಸಿ. ಒಂದೊಂದೇ ಸ್ಟಿಕ್, ಒಂದೊಂದೇ ಸ್ಲಾಟ್ ಪರೀಕ್ಷಿಸಿ. ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಬಯೋಸ್‌ನ ಹಳೆಯ ಸೆಟ್ಟಿಂಗ್ ಅಳಿಯುತ್ತದೆ. ಆನ್ ಆದರೂ ಆಗಾಗ ನೀಲಿ ಪರದೆ ಬಂದರೆ, ಉಚಿತವಾಗಿ ಸಿಗುವ ಮೆಮ್‌ಟೆಸ್ಟ್86 ಪ್ಲಸ್ ತಂತ್ರಾಂಶವನ್ನು ಒಂದು ರಾತ್ರಿ ಓಡಲು ಬಿಡಿ. ಕೆಟ್ಟ ಸ್ಟಿಕ್ ಬಹುಪಾಲು ಸಿಕ್ಕಿಬೀಳುತ್ತದೆ.

ರ‍್ಯಾಮ್ ಎಲ್ಲ ರೋಗಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. ಮೆಮೊರಿ ಅರ್ಧ ಖಾಲಿ ಇದ್ದು, ಡಿಸ್ಕ್ ಮಾತ್ರ ನೂರಕ್ಕೆ ನೂರು ತೋರಿಸುತ್ತಿದ್ದರೆ ನಿಮಗೆ ಬೇಕಾದದ್ದು ಎಸ್‌ಎಸ್‌ಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಪ್ರೊಸೆಸರ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ಎಷ್ಟು ರ‍್ಯಾಮ್ ಹಾಕಿದರೂ ಅದು ಬದಲಾಗದು. ಅಂಥವರು ಲಿನಕ್ಸ್ ಕಲಿಯಲಿ, ಕೆಲಸ ಹುಡುಕುವಾಗ ಅದೂ ನೆರವಿಗೆ ಬರುತ್ತದೆ. ಜೊತೆಗೆ, 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯ ಕಾರಣ ಮೆಮೊರಿ ಬೆಲೆ ಜಗತ್ತಿನಾದ್ಯಂತ ಏರಿತು. ಹಾಗಿರುವಾಗ ಹೊಂದದ ಸ್ಟಿಕ್ ತಂದು ದುಡ್ಡು ಕಳೆದುಕೊಳ್ಳುವುದು ಯಾರಿಗೂ ಬೇಡ.

ಇಷ್ಟನ್ನೂ ಕಾಲೇಜಿನಲ್ಲಿಯೇ ಏಕೆ ಕಲಿಸಬಾರದು? ನಮ್ಮ ಪಾಠಗಳಲ್ಲಿ ಮೆಮೊರಿ ಎಂದರೆ ಬೋರ್ಡ್ ಮೇಲೆ ಬರೆದ ಚೌಕಗಳು. ಕ್ಯಾಶ್ ಮ್ಯಾಪಿಂಗ್‌ನ ಲೆಕ್ಕ ಮಾಡುತ್ತೇವೆ, ವರ್ಚುವಲ್ ಮೆಮೊರಿಗೆ ಹತ್ತು ಅಂಕದ ಉತ್ತರ ಬರೆಯುತ್ತೇವೆ. ಲ್ಯಾಬ್‌ನಲ್ಲಿ ಸಿಸ್ಟಂ ಆನ್ ಆಗದಿದ್ದರೆ ಪಕ್ಕದ ಕುರ್ಚಿಗೆ ಹೋಗಿ ಕೂರುತ್ತೇವೆ. ರಿಪೇರಿಯವರು ಬಂದು ಮುಚ್ಚಳ ತೆಗೆದಾಗ ನಮ್ಮನ್ನು ಹೊರಗೆ ಕಳಿಸಿರುತ್ತಾರೆ. ಐಟಿಐಯಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಕಲಿಯುವ ಹುಡುಗರು ದಿನವೂ ಮಾಡುವ ಕೆಲಸಕ್ಕೆ ಭಾವಿ ಎಂಜಿನಿಯರ್‌ಗಳು ಕೈ ನಡುಗಿಸುತ್ತಾರೆ.

‘ಹುಡುಗರ ಕೈಗೆ ಕೊಟ್ಟರೆ ಹಾಳು ಮಾಡುತ್ತಾರೆ’ ಎಂಬ ಭಯ ಸಹಜ. ಹಾಗಿದ್ದರೆ ಹೊಸದನ್ನು ಕೊಡಬೇಡಿ. ಪ್ರತಿ ಕಾಲೇಜಿನ ಸ್ಟೋರ್ ರೂಮಿನಲ್ಲಿಯೂ ಲೆಕ್ಕದಿಂದ ತೆಗೆದ ಸಿಸ್ಟಂಗಳು ದೂಳು ತಿನ್ನುತ್ತಿರುತ್ತವೆ. ಇ-ತ್ಯಾಜ್ಯ ನಿಯಮದಂತೆ ಅವು ನೋಂದಾಯಿತ ಮರುಬಳಕೆದಾರರ ಕೈ ಸೇರುವ ಮುನ್ನ, ಸೆಮಿಸ್ಟರ್‌ಗೆ ಎರಡು ಮಧ್ಯಾಹ್ನ ನಮ್ಮ ಮುಂದಿಡಿ. ಬೇಕೆಂದೇ ಒಂದು ತಪ್ಪು ಸ್ಟಿಕ್ ಹಾಕಿಟ್ಟು ‘ಕಂಡುಹಿಡಿಯಿರಿ’ ಎನ್ನಿ. ಅಂಕ ಕೊಡದಿದ್ದರೂ ಚಿಂತೆಯಿಲ್ಲ.

‘ನಾವು ಸಾಫ್ಟ್‌ವೇರ್‌ನವರು, ಇದೆಲ್ಲ ನಮಗೇಕೆ’ ಎನ್ನುವ ಗೆಳೆಯರಿಗೂ ಒಂದು ಮಾತು. ಎಲ್ಲರಿಗೂ ಮೊದಲ ದಿನವೇ ಕೋಡಿಂಗ್ ಕೆಲಸ ಸಿಗುವುದಿಲ್ಲ. ಡೆಸ್ಕ್‌ಟಾಪ್ ಸಪೋರ್ಟ್, ನೆಟ್‌ವರ್ಕ್, ಸರ್ವರ್ ನಿರ್ವಹಣೆಯಿಂದ ಶುರು ಮಾಡುವವರು ಬಹಳ. ಕೋಡ್ ಬರೆಯುವವರಿಗೂ ಬಗ್ ಹುಡುಕುವ ದಾರಿ ಇದೇ: ಊಹಿಸು, ಒಂದನ್ನು ಬದಲಿಸು, ನೋಡು.

ನಿಮ್ಮ ಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತ ಡೆಸ್ಕ್‌ಟಾಪ್ ಇದೆಯೇ? ಈ ಭಾನುವಾರ ಸ್ಕ್ರೂಡ್ರೈವರ್ ತನ್ನಿ, ವೈರ್ ಕೀಳಿ, ಪಕ್ಕದ ಮುಚ್ಚಳ ತೆಗೆಯಿರಿ. ಎಷ್ಟು ಸ್ಲಾಟ್ ಇವೆ, ಎಷ್ಟು ಖಾಲಿ ಇವೆ ಎಂದು ಎಣಿಸಿ. ಅದನ್ನು ಮಾರಬೇಕೋ ಬೇಡವೋ ಎಂದು ಆಮೇಲೆ ತೀರ್ಮಾನಿಸಿದರಾಯಿತು.